ಕತ್ತರಿಯ ಅವಸರ

ಕಾಗದ ಕತ್ತರಿಸಿ ಚಿತ್ರ ಮಾಡುವ ಅಂಬುಜಕ್ಕ ಒಂದೇ ಹಾಳೆಯಲ್ಲಿ ಜಿಂಕೆಯನ್ನೂ ಅದು ನಿಂತ ಕಾಡನ್ನೂ ಬಿಡಿಸಿದ್ದಳು. ಮುಗಿಯಿತೆಂದು ಕತ್ತರಿಯನ್ನು ಕೆಳಗಿಟ್ಟರೂ ಅವಳಿಗೆ ಸಮಾಧಾನವಿಲ್ಲ. ಕೂತಳು, ಎದ್ದಳು, ಮತ್ತೆ ಬಂದು ನೋಡಿದಳು.

"ಕೊಂಬು ಇನ್ನೂ ದಪ್ಪವಾಗಿದೆ, ತಾಯಿ. ನನ್ನನ್ನು ಎತ್ತಿಕೊಳ್ಳಿ," ಎಂದಿತು ಕತ್ತರಿ. ಸುಮ್ಮನಿರುವುದು ಅದಕ್ಕೂ ಆಗದು.

"ಬೇಡ," ಎಂದಿತು ಹಾಳೆ. "ನೀನು ಕತ್ತರಿಸಿದ್ದರಿಂದ ಜಿಂಕೆ ಕಾಣಿಸಿತು, ನಿಜ. ಆದರೆ ನೀನು ಕತ್ತರಿಸದೆ ಬಿಟ್ಟದ್ದರಿಂದ ಅದು ನಿಂತಿದೆ."

"ಬಿಡುವುದೂ ಒಂದು ಕೆಲಸವೇ?" ಎಂದು ಕತ್ತರಿ ನಕ್ಕಿತು.

ಅಂಬುಜಕ್ಕನ ಕೈ ತಡೆಯಲಿಲ್ಲ. ಕೊಂಬನ್ನು ಕೂದಲೆಳೆಯಷ್ಟು ಸವರಿದಳು; ಚೆಂದ ಕಂಡಿತು. ಇನ್ನಷ್ಟು ಸವರಿದಳು. ಕೊಂಬು ಕಳಚಿ ನೆಲಕ್ಕೆ ಬಿತ್ತು. ಅದಕ್ಕೆ ಕೂಡಿಕೊಂಡಿದ್ದ ಮರದ ರೆಂಬೆಗಳೆಲ್ಲ ಆಸರೆ ತಪ್ಪಿ ಜೋತುಬಿದ್ದವು.

ಅವಳು ಬಿದ್ದ ಕೊಂಬನ್ನು ಎತ್ತಿ ಪಕ್ಕಕ್ಕಿಟ್ಟಳು. ಕೊನೆಗೆ ಅವಳು ಹೊಸ ಹಾಳೆ ಮಡಿಸಿ ಕತ್ತರಿಯನ್ನು ಎತ್ತಿಕೊಂಡಾಗ, ಅದು ಅಂಚಿನಲ್ಲೇ ಬಾಯಿ ತೆರೆದು ನಿಂತುಬಿಟ್ಟಿತು.

"ಯಾಕೆ? ಹೊರಡು," ಎಂದಳು ಅಂಬುಜಕ್ಕ.

"ಹೊರಡುತ್ತೇನೆ, ತಾಯಿ. ಎಲ್ಲಿ ನಿಲ್ಲಬೇಕೆಂದು ಮೊದಲು ಈ ಹಾಳೆಯನ್ನು ಕೇಳಿಕೊಳ್ಳುತ್ತೇನೆ."