ದಾರ ಕಟ್ಟಿದ ಪಾತ್ರೆಗಳು

"ಬುದ್ಧಿ, ಮಗುವಿನ ಹಠವನ್ನೆಲ್ಲ ಒಂದೇ ಏಟಿಗೆ ಬಿಡಿಸೋದು ಹೇಗೆ?" ಎಂದು ದಾಕ್ಷಾಯಿಣಿ ಕೇಳಿದಳು.

ಅವಳು ಮಠದ ಜಗಲಿಯಲ್ಲಿ ಗುರುಗಳ ಎದುರು ಕೂತಿದ್ದಳು. ಮಗಳು ಇಂಚರ ಅಂಗಳದಲ್ಲಿದ್ದಳು. ಸುಮ್ಮನಂತೂ ಇರಲಿಲ್ಲ. ಕಂಡದ್ದಕ್ಕೆಲ್ಲ ಹಾಡು ಕಟ್ಟಿ ಕೂಗುವುದು ಅವಳ ಕಸುಬು. ಸದ್ಯಕ್ಕೆ ಮಠದ ಹಸುವಿನ ಬಾಲದ ಮೇಲೆ ಹಾಡು ನಡೆದಿತ್ತು.

"ಯಾವ ಹಠ ತಾಯಿ?"

"ಯಾವುದು ಅಂತ ಹೇಳಲಿ! ಊಟಕ್ಕೆ ಕರೆದರೆ ಮಂಚದ ಕೆಳಗೆ, ಸ್ನಾನಕ್ಕೆ ಕರೆದರೆ ಸೀಬೆಮರದ ಮೇಲೆ. ತಮ್ಮನ ಕೈಲಿರೋದನ್ನ ಕಿತ್ತುಕೊಳ್ತಾಳೆ. ಮೊನ್ನೆ ನಮ್ಮತ್ತೆ ಗೊರಕೆ ಮೇಲೆ ಹಾಡು ಕಟ್ಟಿ, ಬಂದ ನಂಟರ ಮುಂದೆಯೇ ಹಾಡಿದಳು. ಅವರು ನಕ್ಕರು, ಅತ್ತೆ ಮಾತು ಬಿಟ್ಟರು. ತೀರ್ಮಾನ ಮಾಡಿಬಿಟ್ಟಿದ್ದೀನಿ ಬುದ್ಧಿ. ನಾಳೆಯಿಂದ ಅವಳು ಏನು ಮಾಡಿದರೂ 'ಬೇಡ' ಅನ್ನೋದೇ. ಬಾಯಿ ತೆಗೆದರೂ 'ಬೇಡ'. ಮೂಲೆಯ ಒರಳುಕಲ್ಲಿನ ಹಾಗೆ ಕೂತಿರಬೇಕು."

ಅದಕ್ಕೆ ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಕೈರುಚಿಗೆ ಊರೇ ಸೋತಿತ್ತು. ಅವಳಿಗೆ ಎಂಬತ್ತು ತುಂಬುವ ದಿನ ಅವಳ ಅಡುಗೆಗಳನ್ನೆಲ್ಲ ಪುಸ್ತಕ ಮಾಡಿ, ಊಟಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡುವುದೆಂದು ಮನೆಯವರು ನಿಶ್ಚಯಿಸಿದರು. ಅಜ್ಜಿ ಹೇಳಿದಳು, ಮೊಮ್ಮಗಳು ಮೊಬೈಲಿನಲ್ಲಿ ಬರೆದುಕೊಂಡಳು. ಮೊಮ್ಮಗಳಿಗೆ ಚುಕ್ಕಿ ಇಡುವ ಅಭ್ಯಾಸವಿರಲಿಲ್ಲ. ಸಾಲು ಕೊಂಚ ಉದ್ದವಾದರೆ ಎಂಟರ್ ಒತ್ತುವಳು. ಒಂದು ಅಡುಗೆ ಮುಗಿದರೆ ಎರಡು ಸಲ ಒತ್ತುವಳು. ಅಡುಗೆಗಳ ಹೆಸರನ್ನು ಕೊನೆಗೆ ಸೇರಿಸಿದರಾಯಿತು ಎಂದುಕೊಂಡು, ಬರೆದದ್ದನ್ನು ಅಚ್ಚಿಗೆ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿಗೆ ಕಳಿಸಿದಳು.

ಅಂಗಡಿಯ ಹೆಂಗಸು ಕೆಲಸದಲ್ಲಿ ಬಲು ಚುರುಕು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಸಾಲುಗಳೆಲ್ಲ ಅರ್ಧಕ್ಕೇ ಮುರಿದು ಬಿದ್ದಿದ್ದವು. ಒಂದೊಂದನ್ನೇ ಜೋಡಿಸುತ್ತ ಕೂತರೆ ಅಜ್ಜಿಯ ಹುಟ್ಟುಹಬ್ಬವೇ ಕಳೆದುಹೋಗುತ್ತದೆ. ಅವಳು ಹುಡುಕಿ ಬದಲಿಸುವ ಕಿಟಕಿಯನ್ನು ತೆರೆದಳು. ಹುಡುಕುವ ಕಡೆ ಎಂಟರಿನ ಗುರುತು ಹಾಕಿದಳು. ಬದಲಿಸುವ ಕಡೆ ಒಂದು ಖಾಲಿ ಜಾಗ ಕೊಟ್ಟಳು. 'ಎಲ್ಲವನ್ನೂ ಬದಲಿಸು' ಎಂಬುದನ್ನು ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುರಿದ ಸಾಲುಗಳೆಲ್ಲ ಕೂಡಿಕೊಂಡವು. ಅವಳಿಗೆ ತನ್ನ ಬೆರಳಿನ ಮೇಲೇ ಪ್ರೀತಿ ಬಂತು. ಹಾಳೆ ತೆಗೆದು, ಓದದೆ, ಅಜ್ಜಿಯ ಮನೆಗೆ ಹೊರಟಳು.

ಮಾರನೆಯ ದಿನವೇ ಊಟ. ಹಿತ್ತಲಿನಲ್ಲಿ ಅಕ್ಕಪಕ್ಕದ ಮನೆಗಳಿಂದ ತಂದ ಕೊಳಗ, ಪರಾತ, ಸೌಟುಗಳ ರಾಶಿ. ಅಜ್ಜಿ ನಡುವೆ ಕೂತು ಅವುಗಳ ಕಿವಿಗೆ ದಾರ ಕಟ್ಟುತ್ತಿದ್ದಳು. ಮೊಮ್ಮಗಳು ಹಾಳೆ ಇಸಿದುಕೊಂಡು ಗಟ್ಟಿಯಾಗಿ ಓದಿದಳು.

"ಹೋಳಿಗೆಯನ್ನು ತುಪ್ಪ ಸವರಿ ಎರಡೂ ಕಡೆ ಬೇಯಿಸಿ ಉಪ್ಪು ಖಾರದ ಪುಡಿ ಸಾಸಿವೆ ಪುಡಿ ಬೆರೆಸಿ ಮಾವಿನ ಹೋಳಿನ ಜೊತೆ ಜಾಡಿಗೆ ತುಂಬಿ ಬಟ್ಟೆ ಕಟ್ಟಿ ಸಣ್ಣ ಉರಿಯಲ್ಲಿ ಹಾಲು ಉಕ್ಕಿದ ಮೇಲೆ ಹುರುಳಿಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ..."

ಹಿತ್ತಲೇ ನಕ್ಕಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನು ಬದುಕಿರುವಾಗಲೇ ಹೋಳಿಗೆಯನ್ನ ಉಪ್ಪಿನಕಾಯಿ ಹಾಕಿದಿರಲ್ಲೇ! ನಾನು ಹೋದಮೇಲೆ ಕೋಸಂಬರಿಯನ್ನೂ ಕುದಿಸ್ತೀರಿ."

ಡಿಟಿಪಿಯವಳು ನಗಲಿಲ್ಲ. ಪುಸ್ತಕ ಆ ಸಂಜೆಯೇ ಅಚ್ಚಿಗೆ ಹೋಗಬೇಕಿತ್ತು. ಎಂಬತ್ತು ವರ್ಷದ ಅಡುಗೆಯೆಲ್ಲ ಅವಳ ಒಂದು ಬೆರಳಿನಿಂದ ಒಂದೇ ಮುದ್ದೆಯಾಗಿತ್ತು. ಅವಳು ಪಾತ್ರೆಗಳ ಪಕ್ಕದಲ್ಲೇ ಕೂತಳು.

"ಮುರಿದದ್ದನ್ನ ಮಾತ್ರ ಕೂಡಿಸೋಣ ಅಂತ ಹೋದೆ ಅಜ್ಜಿ. ಬೇರೆ ಇರಬೇಕಾದ್ದೂ ಕೂಡಿಕೊಂಡುಬಿಡ್ತು. ಅದಕ್ಕೇನು ಗೊತ್ತು, ಯಾವುದು ಮುರಿದದ್ದು, ಯಾವುದು ಮುಗಿದದ್ದು ಅಂತ."

"ಅದಕ್ಕೆ ಗೊತ್ತಿಲ್ಲದಿದ್ದರೆ ಹೋಗಲಿ, ನಿನಗೆ ಗೊತ್ತಲ್ಲ. ಒಂದು ಸಲ ನಕ್ಕುಬಿಡು, ದಾರ ಹಿಡಿ ಇಲ್ಲಿ," ಎಂದಳು ಅಜ್ಜಿ.

ಡಿಟಿಪಿಯವಳು ದಾರ ಹಿಡಿದಳು. ಅಜ್ಜಿ ಒಬ್ಬೊಬ್ಬರ ಮನೆಯ ಪಾತ್ರೆಗೆ ಒಂದೊಂದು ಬಣ್ಣ ಕಟ್ಟಿದಳು. ನಾಳೆ ಊಟವಾದ ಮೇಲೆ ಎಲ್ಲವೂ ಒಂದೇ ನಲ್ಲಿಯ ಕೆಳಗೆ ಬೀಳುತ್ತವೆ. ತೊಳೆದರೆ ಎಲ್ಲದರ ಮುಖವೂ ಒಂದೇ. ದಾರ ನೋಡಿ ಅವರವರ ಮನೆಗೆ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ದಾರ ಬಿಚ್ಚಬೇಕು.

ಮೂರನೆಯ ಕೊಳಗಕ್ಕೆ ಗಂಟು ಬೀಳುವಾಗ ಡಿಟಿಪಿಯವಳು ದಾರದುಂಡೆಯನ್ನು ಮೊಮ್ಮಗಳ ಮಡಿಲಿಗೆ ಎಸೆದು, ಹೇಳದೆ ಕೇಳದೆ ಅಂಗಡಿಗೆ ಓಡಿದಳು.

ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ದಾರಿ, ಪುಣ್ಯಕ್ಕೆ, ಕಂಪ್ಯೂಟರಿನಲ್ಲಿ ಉಂಟು. ಅವಳು ಹಿಂದಕ್ಕೆ ಹೋದಳು. ಸಾಲುಗಳು ಮತ್ತೆ ಮುರಿದು ನಿಂತವು. ಈ ಸಲ ಮೊದಲು ಎರಡು ಎಂಟರು ಜೊತೆಯಾಗಿ ಇದ್ದಲ್ಲೆಲ್ಲ ಮೂರು ನಕ್ಷತ್ರ ಹಾಕಿಸಿದಳು. ಆಮೇಲೆ ಒಂಟಿ ಎಂಟರುಗಳನ್ನೆಲ್ಲ ಖಾಲಿ ಜಾಗ ಮಾಡಿದಳು. ಎಲ್ಲವೂ ಕೂಡಿಕೊಂಡು ಮತ್ತೆ ಮುದ್ದೆಯಾಯಿತು. ಆದರೆ ಮುದ್ದೆಯ ಒಳಗೆ ನಕ್ಷತ್ರಗಳಿದ್ದವು. ಕೊನೆಗೆ ನಕ್ಷತ್ರಗಳನ್ನು ತೆಗೆದು ಎಂಟರು ಮಾಡಿದಳು. ಹೋಳಿಗೆ ಹೋಳಿಗೆಯ ಜಾಗಕ್ಕೆ ಬಂತು. ಉಪ್ಪಿನಕಾಯಿ ಜಾಡಿಗೆ ಹೋಯಿತು. ಒತ್ತಿದ್ದು ಅದೇ ಗುಂಡಿ, ಅದೇ ಬೆರಳು. ಈ ಸಲ ಓದಿ ನೋಡಿ, ಹೆಸರುಗಳನ್ನು ಸೇರಿಸಿ, ಅಚ್ಚಿಗೆ ಕಳಿಸಿದಳು. ಮಾರನೆಯ ದಿನ ಮೊದಲ ಪ್ರತಿಯನ್ನು ಅಜ್ಜಿಯ ಕೈಗಿತ್ತು, ಮೂರು ಸಲ ಹೋಳಿಗೆ ಹಾಕಿಸಿಕೊಂಡು ಉಂಡಳು.

ಗುರುಗಳು ಕತೆ ನಿಲ್ಲಿಸಿದರು.

ದಾಕ್ಷಾಯಿಣಿಗೆ ನಗು ತಡೆಯಲಿಲ್ಲ. "ಕೋಸಂಬರಿ ಕುದಿಸೋದಂತೆ! ಅದಿರಲಿ ಬುದ್ಧಿ, ನಿಮಗೆ ಕಂಪ್ಯೂಟರೂ ಬರುತ್ತಾ?"

"ನನಗೆ ಹೋಳಿಗೆ ತಿನ್ನೋದು ಬರುತ್ತೆ ತಾಯಿ. ಆ ಊಟಕ್ಕೆ ನಾನೂ ಹೋಗಿದ್ದೆ."

ಅಷ್ಟರಲ್ಲಿ ಅಂಗಳದಲ್ಲಿ ಹಸುವಿನ ಬಾಲದ ಹಾಡು ಮುಗಿಯಿತು. ಇಂಚರ ಜಗಲಿಯ ಕಡೆ ತಿರುಗಿದಳು. ಗುರುಗಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಮರುಗಳಿಗೆ ಮಠದ ಗೋಡೆಗಳು ಮಾರ್ದನಿ ಕೊಡುವಂತೆ ಗುರುಗಳ ಗಡ್ಡದ ಹಾಡು ಶುರುವಾಯಿತು. ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಗುಬ್ಬಿಗೆ ಮರಿ ಹುಟ್ಟಿತ್ತು. ರಾಗ, ತಾಳ, ಒಂದೂ ತಪ್ಪಿರಲಿಲ್ಲ.

ದಾಕ್ಷಾಯಿಣಿಯ ಮುಖ ಕೆಂಪಾಯಿತು. ದಡಕ್ಕನೆ ಎದ್ದಳು. "ಬೇಡ" ಎಂದು ಕೂಗಲು ಬಾಯಿ ತೆರೆದಳು.

"ತಾಯಿ, ಎಲ್ಲಕ್ಕೂ ಬೇಡ ಅನ್ನೋ ಮೊದಲು ಈ ಹಾಡಿಗೆ ದಾರ ಕಟ್ಟಿ ಆಯಿತಾ?" ಎಂದರು ಗುರುಗಳು.

ದಾಕ್ಷಾಯಿಣಿ 'ಬೇಡ'ವನ್ನು ನುಂಗಿ ಮತ್ತೆ ಕೂತಳು. ಹಾಡು ಎರಡನೆಯ ನುಡಿಗೆ ಹೋಯಿತು.