ಚೆನ್ನಿಯ ಮುಖಕ್ಕೆ ಕಣ್ಣು ಬರೆದವನು

ಹತ್ತಿರ ಬನ್ನಿ ಮಕ್ಕಳೇ, ಇದು ಗಟ್ಟಿಯಾಗಿ ಹೇಳುವ ಕಥೆಯಲ್ಲ. ಕುಂದಣಾವತಿ ಅನ್ನೋ ರಾಜ್ಯದಲ್ಲಿ ತಿಪ್ಪಾಜಮ್ಮ ಅಂತ ಒಬ್ಬಳು ಇದ್ದಳು. ಚಿತ್ರ ಬರೆಯೋದು ಅವಳ ಕಸುಬು. ಗಂಡ ತೀರಿಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ಚೆನ್ನಿ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಒಂದು ದಿನವೂ ರೆಪ್ಪೆ ತೆರೆದವಳಲ್ಲ.

ಅವ್ವ ಬಣ್ಣ ಅರೆಯುವ ಸದ್ದು ಕೇಳುತ್ತಾ ಚೆನ್ನಿ ಕೂತಿರುತ್ತಿದ್ದಳು. ಒಮ್ಮೆ ಕೇಳಿದಳು, "ಅವ್ವಾ, ನಾನು ಹೆಂಗಿದೀನಿ?"

ತಿಪ್ಪಾಜಮ್ಮ ಒಂದು ಹಲಗೆ ತಂದಳು. ಬಳಪದ ಪುಡಿಗೆ ಅಂಟು ಕಲಸಿ, ಹಲಗೆಯ ಮೇಲೆ ಎಳೆ ಎಳೆಯಾಗಿ ಮೆತ್ತಿದಳು. ಬೇರೆ ಚಿತ್ರಗಾರರು ಚಿತ್ರದಲ್ಲಿನ ಒಡವೆ ಉಬ್ಬಿ ಕಾಣಲಿ ಅಂತ ಹಾಗೆ ಮೆತ್ತುತ್ತಿದ್ದರು. ಇವಳು ಮಗಳ ಜಡೆ ಮೆತ್ತಿದಳು, ಮೂಗು ಮೆತ್ತಿದಳು, ಮುಚ್ಚಿದ ರೆಪ್ಪೆಯ ಕೂದಲನ್ನೂ ಬಿಡಲಿಲ್ಲ. ಆಮೇಲೆ ಬಣ್ಣ ಹಚ್ಚಿದಳು. ಚೆನ್ನಿ ಬೆರಳಾಡಿಸಿ, "ಚೆನ್ನಾಗೇ ಇದೀನಲ್ಲವ್ವಾ!" ಅಂತ ನಕ್ಕಳು.

ವರ್ಷಕ್ಕೊಮ್ಮೆ ಅರಮನೆಯಲ್ಲಿ ಚಿತ್ರಗಳ ಪ್ರದರ್ಶನ. ಆ ನಾಡಿನ ಚಿತ್ರಗಾರರಲ್ಲಿ ಒಂದು ಪದ್ಧತಿ ಇತ್ತು. ಕಣ್ಣನ್ನು ಕಟ್ಟಕಡೆಗೆ ಬರೆಯಬೇಕು, ಆಮೇಲೇ ಹೆಸರು ಹಾಕಬೇಕು. ಕಣ್ಣು ಬಿಡದ ಚಿತ್ರ ಅಂದರೆ ಮುಗಿಯದ ಚಿತ್ರ. ಪ್ರದರ್ಶನಕ್ಕೆ ಚಿತ್ರ ಆರಿಸುವವನು ಆಸ್ಥಾನದ ಚಿತ್ರಗಾರ ವೆಂಕಟಾದ್ರಿ. ಕೈಯಲ್ಲಿ ಕಸುಬು ಕಡಿಮೆ, ಬಾಯಲ್ಲಿ ಜಾಸ್ತಿ.

ಅವನು ಮನೆಗೆ ಬಂದು, "ಚಿತ್ರ ಭೇಷಾಗಿದೆ. ಕಣ್ಣು ಯಾವಾಗ ಬಿಡಿಸ್ತೀಯಮ್ಮಾ?" ಅಂದ.

"ಮುಗಿದಿದೆ ಸ್ವಾಮಿ."

ಎರಡನೇ ಸಲ ಬಂದಾಗ ಚೆನ್ನಿಗೆ ಸುಡುಸುಡು ಜ್ವರ. "ಕಣ್ಣು ಬಿಡಿಸಿದೆಯಾ?"

"ಮುಗಿದಿದೆ ಸ್ವಾಮಿ," ಅಂದಳು ತಿಪ್ಪಾಜಮ್ಮ, ಒದ್ದೆ ಬಟ್ಟೆ ಹಿಂಡುತ್ತಾ. ಚೆನ್ನಿ ಮಲಗಿದ್ದ ಚಾಪೆಯ ಕಡೆ ಆ ಮನುಷ್ಯ ತಿರುಗಿಯೂ ನೋಡಲಿಲ್ಲ.

ಮೂರನೇ ಸಲ ಬಂದಾಗ ಚಾಪೆ ಖಾಲಿ. ಚೆನ್ನಿಯನ್ನು ಮಣ್ಣು ಮಾಡಿ ಆಗಿತ್ತು. ಈ ಸಲ ವೆಂಕಟಾದ್ರಿ ಕಣ್ಣಿನ ಮಾತೆತ್ತಲಿಲ್ಲ. "ನಾನೇ ತೂಗುಹಾಕಿಸ್ತೀನಿ ಕೊಡು," ಅಂದ. ಊರೆಲ್ಲ ಒಮ್ಮೆ ನನ್ನ ಮಗಳನ್ನು ನೋಡಲಿ ಅಂತ ಆ ತಾಯಿ ಕೊಟ್ಟಳು.

ಕೊಟ್ಟದ್ದೇ ತಪ್ಪಾಯಿತು. ಪಾಪಿ, ಅದರ ಮೇಲೆ ಎರಡು ಅಗಲವಾದ ಕಣ್ಣು ಬರೆದ, ಕೆಳಗೆ ತನ್ನ ಹೆಸರು ಹಾಕಿದ. ಪ್ರದರ್ಶನದಲ್ಲಿ ಮಂತ್ರಿ ನೋಡಿ ಭಲೇ ಅಂದ. ದಳಪತಿ ನೋಡಿ ಭಲೇ ಅಂದ. ರಾಣಿ ನೋಡಿ, ಏನು ಕಣ್ಣು, ಏನು ಹೊಳಪು ಅಂದಳು.

ತಿಪ್ಪಾಜಮ್ಮ ಬಂದು ನೋಡಿದಳು. ಅಯ್ಯೋ, ಮಗಳ ಮುಚ್ಚಿದ ರೆಪ್ಪೆಯ ಮೇಲೆ ಎರಡು ಕಣ್ಣು! ಆದರೂ ಕೂಗಾಡಲಿಲ್ಲ. ರಾಜನ ಪಕ್ಕ ನಿಂತಿದ್ದ ವೆಂಕಟಾದ್ರಿಯನ್ನು ಕೇಳಿದಳು, "ಸ್ವಾಮಿ, ಈ ಹುಡುಗಿ ಯಾರನ್ನ ನೋಡ್ತಿದಾಳೆ?"

"ಮಹಾರಾಜರನ್ನೇ!" ಅಂದ ವೆಂಕಟಾದ್ರಿ, ಎದೆ ಉಬ್ಬಿಸಿ. "ತೆರೆದ ಕಣ್ಣಿನ ಹುಡುಗಿ ಅಂತಲೇ ಮೊದಲ ಎಳೆಯಿಂದ ನಾನೇ ಮೆತ್ತಿದೆ. ಈ ಕೈಯೇ ಮೆತ್ತಿದ್ದು."

"ಪ್ರಭುಗಳೇ," ಅಂದಳು ಅವಳು, "ಕಣ್ಣು ಮುಚ್ಚಿಕೊಂಡು ಒಂದು ಸಲ ಮುಟ್ಟಿ ನೋಡಿ."

ರಾಜ ಕಣ್ಣು ಮುಚ್ಚಿದ. ಬೆರಳಿಗೆ ಜಡೆ ಸಿಕ್ಕಿತು. ಮೂಗು ಸಿಕ್ಕಿತು. ಆಮೇಲೆ ಬೆರಳು ನಿಂತಿತು. "ಇಲ್ಲಿ ರೆಪ್ಪೆ ಮುಚ್ಚಿದೆಯಲ್ಲ! ಒಂದೊಂದು ಕೂದಲೂ ಸಿಗ್ತಿದೆ. ವೆಂಕಟಾದ್ರಿ, ತೆರೆದ ಕಣ್ಣಿಗೆ ಮುಚ್ಚಿದ ರೆಪ್ಪೆ ಯಾಕಯ್ಯಾ ಮೆತ್ತಿದೆ?"

ವೆಂಕಟಾದ್ರಿ ಬಾಗಿಲ ಕಡೆ ಸರಿದ. ತಿಪ್ಪಾಜಮ್ಮ ಮಗಳ ಕಥೆ ಹೇಳಿದಳು. ಸಭೆಯೆಲ್ಲ ತಲೆ ತಗ್ಗಿಸಿತು. ರಾಜ ಅವನ ಹೆಸರು ಅಳಿಸಿ, ಅವನನ್ನು ಗಡಿಯಾಚೆ ಅಟ್ಟಿಸಿದ. "ನೀರು ತನ್ನಿ, ಆ ಕಣ್ಣು ತೊಳೆಯಿರಿ," ಅಂದ.

"ಬೇಡ ಪ್ರಭು. ನೀರು ಬಿದ್ದರೆ ಮೆತ್ತಿದ್ದೆಲ್ಲ ಕರಗುತ್ತೆ, ಇನ್ನೊಂದು ಪದರ ಬಣ್ಣ ಬಿದ್ದರೆ ರೆಪ್ಪೆಯ ಕೂದಲು ಹೂತುಹೋಗುತ್ತೆ. ನನ್ನ ಮಗಳ ಮುಖವೇ ಹೋಗುತ್ತೆ."

ರಾಜ ಚಿತ್ರವನ್ನು ತಾನೇ ಇಳಿಸಿ ಅವಳ ಕೈಗಿಟ್ಟ. ಅವಳು ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಸಾಯುವ ತನಕ, ಮಗಳ ಮುಖ ನೋಡೋಣ ಅಂತ ಕೂತಾಗಲೆಲ್ಲ, ಯಾರದೋ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಅದಕ್ಕೇ ಹೇಳ್ತೀನಿ ಮಕ್ಕಳೇ. ಇನ್ನೊಬ್ಬರು ಮಾಡಿದ್ದು ನಮಗೆ ಅರ್ಥವಾಗಲಿಲ್ಲ ಅಂತ ಅದನ್ನು ಅರೆಬರೆ ಅನ್ನಬಾರದು, ಕೈ ಹಾಕಬಾರದು. ಕದ್ದವನಿಗೆ ಶಿಕ್ಷೆ ಆಗುತ್ತೆ. ಕೆಟ್ಟದ್ದು ಮತ್ತೆ ಸರಿಹೋಗೋದಿಲ್ಲ.