ದೊಡ್ಡಸಿಗಡಿಯ ಮೀಸೆ ಉದ್ದವಾದದ್ದು

ಕಡಲಿಗೆ ಇನ್ನೂ ಉಪ್ಪು ಪೂರ್ತಿಯಾಗಿ ಹಿಡಿಯದಿದ್ದ ಕಾಲವದು. ಲೋಕ ಹೊಸದು, ಬೇಸಿಗೆಯೂ ಹೊಸದು. ಎಷ್ಟು ಕಾಯಬೇಕೆಂಬ ಅಂದಾಜು ಸೂರ್ಯನಿಗೆ ಇರಲಿಲ್ಲ. ಮೇಲಿನ ನೀರೆಲ್ಲ ಬಿಸಿಯಾಗಿ ಮೀನುಗಳು ಏದುಸಿರು ಬಿಡುತ್ತಿದ್ದವು.

ಬಂಡೆಗಳ ಕೆಳಗಿನ ತಣ್ಣನೆಯ ಗವಿಯಲ್ಲಿ ರುಕ್ಕಕ್ಕ ಎಂಬ ದೊಡ್ಡಸಿಗಡಿ ವಾಸವಾಗಿದ್ದಳು. ಈಗ ಪೇಟೆಯವರು ಲಾಬ್‌ಸ್ಟರ್ ಎನ್ನುವುದು ಇವಳ ಕುಲವನ್ನೇ; ಏಡಿಯಂತೆ ಕತ್ತರಿಸುವ ಇಕ್ಕುಳ ನಮ್ಮ ಕಡಲಿನ ಈ ಕುಲಕ್ಕಿಲ್ಲ. ಆಗ ಅವಳ ಮೀಸೆ ಅಕ್ಕಿಕಾಳಿನಷ್ಟು ಗಿಡ್ಡ. ಪಕ್ಕದ ಸಂದಿಯಲ್ಲಿ ಚಂದು ಎಂಬ ಏಡಿ ಇದ್ದಳು. ಇಬ್ಬರೂ ಎಲ್ಲರಂತೆ ನೇರವಾಗಿ, ಮುಂದಕ್ಕೇ ನಡೆಯುತ್ತಿದ್ದರು.

“ಪಾಪ, ಎಲ್ಲರೂ ಬೇಯುತ್ತಿದ್ದಾರೆ. ನಮ್ಮ ಮನೆ ತಂಪಾಗಿದೆ. ಒಂದು ಹೊತ್ತು ಕರೆದು ಊಟ ಹಾಕೋಣ” ಎಂದಳು ರುಕ್ಕಕ್ಕ.

“ಹೆಚ್ಚುವವರು ಯಾರು? ನಿನ್ನ ಕೈಗೆ ಇಕ್ಕುಳವೇ ಇಲ್ಲವಲ್ಲ ಅಕ್ಕ” ಎಂದು ಚಂದು ನಕ್ಕಳು.

ಚಂದುವೇ ಮೂರು ದಿನ ಕುಳಿತು ಹೆಚ್ಚಿದಳು. ಹಸಿರು ಪಾಚಿಯನ್ನು ಕೋಸಂಬರಿಗೆ ಸಣ್ಣಗೆ, ಕೆಂಪು ಪಾಚಿಯನ್ನು ಪಲ್ಯಕ್ಕೆ ದಪ್ಪಗೆ. ನೆಲ ಗುಡಿಸಿದಳು. ಚಿಪ್ಪಿನ ತಟ್ಟೆಗಳನ್ನು ಸಾಲಾಗಿ ಹಾಕಿದಳು.

ಆ ಮೂರು ದಿನ ರುಕ್ಕಕ್ಕ ಮನೆಮನೆಗೆ ಹೋಗಿ ಕರೆದಳು. ಕಡಲಿನಲ್ಲಿ ಪದ್ಧತಿ ಹಾಗೆಯೇ ಇತ್ತು. ಬಾಗಿಲಿಗೆ ಹೋಗಿ, ಹೆಸರು ಹಿಡಿದು, ಊಟಕ್ಕೆ ಬನ್ನಿ ಎನ್ನಬೇಕು. ಕರೆಯದ ಊಟಕ್ಕೆ ಮಾನವುಳ್ಳವರು ಹೋಗುತ್ತಿರಲಿಲ್ಲ.

ಔತಣದ ದಿನ ಎಲ್ಲರೂ ಬಂದರು. ಬಂಗುಡೆ ಮೀನುಗಳು ಗುಂಪಾಗಿ ಬಂದವು. ನಕ್ಷತ್ರಮೀನು ನಿಧಾನವಾಗಿ ಬಂತು. ಆಮೆಯಜ್ಜ ಕುಳಿತು ಸುತ್ತ ನೋಡಿದ. ಒಂದು ತಟ್ಟೆಯ ಮುಂದೆ ಯಾರೂ ಇರಲಿಲ್ಲ.

“ಚಂದು ಎಲ್ಲಿ?”

“ಬರುತ್ತಾಳೆ ಅಜ್ಜ.”

“ಕರೆದೆಯಾ?”

“ಅವಳು ಮನೆಯವಳಲ್ಲವೆ? ಅವಳನ್ನೇನು ಕರೆಯುವುದು?”

ಆಮೆಯಜ್ಜ ತನ್ನ ಮುಂದಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ರುಕ್ಕಕ್ಕ ಪಕ್ಕದ ಸಂದಿಗೆ ಓಡಿ ನೋಡಿದಳು. ಅದು ಖಾಲಿಯಾಗಿತ್ತು.

“ಅವಳು ಮರಳ ಮೇಲೆ ಹೋದಳು. ಅಲ್ಲಿಯೇ ಗೂಡು ತೋಡುತ್ತಿದ್ದಾಳೆ” ಎಂದಿತು ಅಲೆ.

“ಹೋಗಿ ಕರೆದು ಬಾರಪ್ಪ” ಎಂದಳು ರುಕ್ಕಕ್ಕ.

ಅಲೆ ಹೋಯಿತು. ಅಲೆ ಬಂತು.

“ಬರುವುದಿಲ್ಲವಂತೆ. ‘ಊರಿಗೆಲ್ಲ ತಾನೇ ಹೋಗಿ ಹೇಳಿದವಳು ನನಗೆ ಮಾತ್ರ ನಿನ್ನ ಕೈಯಲ್ಲಿ ಹೇಳಿಕಳಿಸಿದಳೇ?’ ಎಂದು ಕೇಳಿದಳು. ‘ಹೆಚ್ಚುವುದಕ್ಕೆ ನಾನು, ಉಣ್ಣುವುದಕ್ಕೆ ಊರು’ ಎಂದೂ ಅಂದಳು.”

ರುಕ್ಕಕ್ಕ ತಾನೇ ಹೊರಟಳು. ನೀರು ಇಳಿಯುತ್ತಿತ್ತು. ಕೊನೆಯ ಬಂಡೆಯವರೆಗೆ ಬಂದಳು. ಅದರಾಚೆ ಬರಿಯ ಮರಳು. ನೀರಿಲ್ಲದ ಕಡೆ ಅವಳ ಉಸಿರು ನಡೆಯದು. ಅವಳು ಗಿಡ್ಡ ಮೀಸೆಯನ್ನು ಚಾಚಿದಳು. ಸಾಲಲಿಲ್ಲ. ಇನ್ನೂ ಚಾಚಿದಳು. ನೀರು ಬೆನ್ನಿನಿಂದ ಕೆಳಗಿಳಿಯಿತು. ಅವಳು ಕದಲಲಿಲ್ಲ. ಮೀಸೆ ಎಳೆಯಾಯಿತು, ಹಗ್ಗವಾಯಿತು. ಕಡೆಗೆ ಮರಳಿನ ಗೂಡಿನೊಳಗೆ ಹೋಗಿ ಒಂದು ಇಕ್ಕುಳವನ್ನು ಮುಟ್ಟಿತು.

“ಚಂದು, ನಿನ್ನನ್ನು ಕರೆಯದೆ ಹೋದದ್ದು ನನ್ನ ತಪ್ಪು. ಊಟಕ್ಕೆ ಬಾ” ಎಂದಳು ರುಕ್ಕಕ್ಕ. ಅವಳ ದನಿ ಒಣಗಿತ್ತು.

ಚಂದು ಹೊರಗೆ ಇಣುಕಿದಳು. ಬಿಸಿಲಿಗೆ ಅಕ್ಕನ ಬೆನ್ನು ಒಣಗುತ್ತಿತ್ತು.

“ಬುದ್ಧಿಯಿದೆಯೆ ನಿನಗೆ? ಮೊದಲು ನೀರಿಗೆ ಹೋಗು.”

“ನಾನು ಆ ಕಡೆ ತಿರುಗಿದರೆ ನೀನು ಮತ್ತೆ ಒಳಗೆ ಹೋಗಿಬಿಡುತ್ತೀಯ.”

“ಹಾಗಾದರೆ ತಿರುಗಬೇಡ. ಹಾಗೆಯೇ ಹೋಗು.”

ರುಕ್ಕಕ್ಕ ಮುಖ ತಿರುಗಿಸದೆ ಹಿಂದಕ್ಕೆ ಸರಿದಳು. ಚಂದು ಅವಳ ಜೊತೆಗೆ ಹೊರಟಳು. ಆದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ನೇರವಾಗಿ ಹೋಗಲು ಮನಸ್ಸು ಒಪ್ಪದೆ ಅಡ್ಡಡ್ಡವಾಗಿ ನಡೆದಳು.

ಗವಿಯಲ್ಲಿ ಯಾರೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ.

“ಕೋಸಂಬರಿ ನೀರು ಬಿಟ್ಟಿದೆ” ಎಂದಳು ಚಂದು, ತನ್ನ ತಟ್ಟೆಯ ಮುಂದೆ ಕುಳಿತು.

“ನೀರೊಳಗೆ ಇನ್ನೇನು ಬಿಡುತ್ತದೆ?” ಎಂದ ಆಮೆಯಜ್ಜ. ಎಲ್ಲರೂ ಉಂಡರು.

ಇಂದಿಗೂ ಏಡಿ ಅಡ್ಡಡ್ಡ ನಡೆಯುತ್ತದೆ, ದೊಡ್ಡಸಿಗಡಿ ಬೆದರಿದರೆ ಹಿಂದಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯ ಬಳಿ ಸುಮ್ಮನೆ ಕುಳಿತು ನೋಡಿದರೆ, ಅದು ಸಂದಿಯ ಬಾಗಿಲಲ್ಲಿ ನಿಂತು, ಎರಡು ಉದ್ದ ಮೀಸೆಗಳನ್ನು ಹೊರಗೆ ಚಾಚಿ, ಮೊದಲು ಪಕ್ಕದ ಮನೆಯನ್ನು ಮುಟ್ಟಿ ನೋಡುವುದು ನಿಮಗೂ ಕಾಣುತ್ತದೆ.